ಡೇಟಾಬೇಸ್ ಅಂದ್ರೆ ಆ ಫೈಲೇ ಅಲ್ವಾ? ಕಾಪಿ ಮಾಡಿದ್ರೆ 310 ಎಂಟ್ರಿ ಕಾಣೆ

ಲೆಕ್ಕದವ

ಎಲ್ಲರಿಗೂ ನಮಸ್ಕಾರ. ದಡ್ಡ ಪ್ರಶ್ನೆ ಅನ್ನಿಸಿದ್ರೆ ಬೈಕೊಳ್ಳಬೇಡಿ. ನಾನು ಕಂಪ್ಯೂಟರ್ ಓದಿದವನಲ್ಲ, ಕೆಲಸಕ್ಕೆ ಬೇಕು ಅಂತ ಅಲ್ಲಿ ಇಲ್ಲಿ ನೋಡಿ ಕಲಿತವನು. ಸ್ಟಾಕ್ ಬರೆದಿಡೋಕೆ ಪೈಥಾನ್‌ನಲ್ಲಿ ಒಂದು ಸಣ್ಣ ಆ್ಯಪ್ ಮಾಡಿಕೊಂಡಿದ್ದೇನೆ, ಒಳಗೆ ಡೇಟಾ ಇಡೋಕೆ ಎಸ್‌ಕ್ಯೂಲೈಟ್ ಅನ್ನೋ ಸಾಫ್ಟ್‌ವೇರ್. ಎಲ್ಲಾ ಡೇಟಾ ಲೆಕ್ಕ.ಡಿಬಿ ಅನ್ನೋ ಒಂದೇ ಫೈಲಲ್ಲಿ ಇದೆ. ಅಥವಾ ಇದೆ ಅಂದುಕೊಂಡಿದ್ದೆ.

ಎರಡು ವಿಷಯಕ್ಕೆ ತಲೆ ಕೆಟ್ಟಿದೆ.

ಹೋದ ವಾರ ಹಳೇ ಎಂಟ್ರಿಗಳನ್ನೆಲ್ಲ ಡಿಲೀಟ್ ಮಾಡಿದೆ. 52,000 ಸಾಲು ಇತ್ತು, 40,000 ತೆಗೆದು ಹಾಕಿದೆ, ಈಗ ಎಣಿಸಿದ್ರೆ ಸರಿಯಾಗಿ 12,000 ತೋರಿಸುತ್ತೆ. ಆದ್ರೆ ಫೈಲ್ ಮೊದಲು 38 ಎಂಬಿ ಇತ್ತು, ಈಗಲೂ 38 ಎಂಬಿ. ಒಂದು ಚೂರೂ ಇಳಿದಿಲ್ಲ.

ಎರಡನೇದು ಇನ್ನೂ ವಿಚಿತ್ರ. ದಿನಾ ರಾತ್ರಿ ಆ್ಯಪ್ ಮುಚ್ಚಿ ಫೈಲನ್ನ ಪೆನ್‌ಡ್ರೈವ್‌ಗೆ ಕಾಪಿ ಮಾಡ್ತೀನಿ, ಇವತ್ತಿನ ತನಕ ಒಂದು ಸಲಾನೂ ತೊಂದರೆ ಆಗಿಲ್ಲ. ಇವತ್ತು ಬೇಗ ಹೊರಡಬೇಕಿತ್ತು, ಆ್ಯಪ್ ಓಡ್ತಿರುವಾಗಲೇ ಕಾಪಿ ಮಾಡಿ ಬೇರೆ ಕಂಪ್ಯೂಟರಲ್ಲಿ ತೆರೆದೆ. ಫೈಲ್ ಚೆನ್ನಾಗೇ ತೆರೀತು, ಯಾವ ಎರರ್ರೂ ಇಲ್ಲ, ಆದ್ರೆ ಬೆಳಗ್ಗೆಯಿಂದ ಹಾಕಿದ 310 ಎಂಟ್ರಿ ಒಂದೂ ಇಲ್ಲ! ಮೂಲ ಕಂಪ್ಯೂಟರಲ್ಲಿ ಎಲ್ಲಾ ಕಾಣಿಸ್ತಿದೆ.

ಹಾಗಾದ್ರೆ ಡೇಟಾಬೇಸ್ ಬೇರೆ, ಫೈಲ್ ಬೇರೆನಾ? ಫೈಲೇ ಡೇಟಾಬೇಸ್ ಆಗಿದ್ರೆ ಇದು ಹೆಂಗೆ?

ಚುರುಕು

ಎಸ್‌ಕ್ಯೂಲೈಟ್‌ನಲ್ಲಿ ಫೈಲೇ ಡೇಟಾಬೇಸ್ ಗುರು, ಸುಮ್ನೆ ಜಾಸ್ತಿ ಯೋಚನೆ ಮಾಡಬೇಡಿ. ಕಮಿಟ್ ಮಾಡೋದು, ಅಂದ್ರೆ ಬರೆದಿದ್ದನ್ನ ಖಾಯಂ ಮಾಡೋದು, ಮರೆತಿರ್ತೀರಿ ಅಷ್ಟೇ. ಪೈಥಾನ್‌ನಲ್ಲಿ ಹೊಸಬರು ಎಲ್ಲರೂ ಮಾಡೋ ತಪ್ಪು. ಕಮಿಟ್ ಆಗದ ಎಂಟ್ರಿ ಅದೇ ಕನೆಕ್ಷನ್‌ಗೆ ಮಾತ್ರ ಕಾಣುತ್ತೆ, ಅದಕ್ಕೇ ನಿಮ್ಮ ಆ್ಯಪ್‌ನಲ್ಲಿ ಇದೆ, ಕಾಪಿಯಲ್ಲಿ ಇಲ್ಲ.

ಲೆಕ್ಕದವ

ಕಮಿಟ್ ಇದೆ ಸರ್, ಪ್ರತಿ ಎಂಟ್ರಿ ಆದ ಮೇಲೂ. ಬೇಕಂತಲೇ ಇನ್ನೊಂದು ವಿಂಡೋ ತೆಗೆದು ಬೇರೆ ಕನೆಕ್ಷನ್‌ನಿಂದ ಎಣಿಸಿ ನೋಡಿದೆ, ಅಲ್ಲೂ 310 ಕಾಣುತ್ತೆ. ಮೂಲ ಕಂಪ್ಯೂಟರಲ್ಲಿ ಎಲ್ಲಿಂದ ನೋಡಿದ್ರೂ ಇದೆ. ಕಾಪಿಯಲ್ಲಿ ಮಾತ್ರ ಇಲ್ಲ.

ನಿಧಾನಿ

ಆ ಫೋಲ್ಡರಲ್ಲಿ ಏನೇನು ಫೈಲ್ ಇದೆ, ಸೈಜ್ ಎಷ್ಟು, ಟೈಮ್ ಎಷ್ಟು, ಹಾಗೇ ಇಲ್ಲಿ ಹಾಕಿ. ಆ್ಯಪ್ ಮುಚ್ಚಬೇಡಿ, ಓಡ್ತಿರುವಾಗಲೇ ನೋಡಿ.

ಲೆಕ್ಕದವ

ಇದು ನೋಡಿ:

ಲೆಕ್ಕ.ಡಿಬಿ, 38 ಎಂಬಿ, ನಿನ್ನೆ ರಾತ್ರಿ 9:40
ಲೆಕ್ಕ.ಡಿಬಿ-ವಾಲ್, 2.5 ಎಂಬಿ, ಇವತ್ತು ಸಂಜೆ 4:12
ಲೆಕ್ಕ.ಡಿಬಿ-ಎಸ್‌ಎಚ್‌ಎಂ, 32 ಕೆಬಿ, ಇವತ್ತು

ಅಯ್ಯೋ, ಈಗ ಗಮನಿಸಿದೆ, ಮೊದಲನೇ ಫೈಲಿನ ಟೈಮ್ ನಿನ್ನೆಯದು! ಬೆಳಗ್ಗೆಯಿಂದ ಅದನ್ನ ಯಾರೂ ಮುಟ್ಟೇ ಇಲ್ಲ ಅಂತ ಅಲ್ವಾ ಅರ್ಥ? ಉಳಿದ ಎರಡು ಏನೋ ಟೆಂಪರರಿ ಕಸ ಅಂದುಕೊಂಡು ಯಾವತ್ತೂ ಕಾಪಿ ಮಾಡಿಲ್ಲ. ರಾತ್ರಿ ಆ್ಯಪ್ ಮುಚ್ಚಿದಾಗ ಅವು ತಾವೇ ಮಾಯ ಆಗ್ತಿದ್ವು, ಹಾಗಾಗಿ ತಲೆ ಕೆಡಿಸಿಕೊಂಡಿರಲಿಲ್ಲ. ಒಂದು ವಿಷಯ ಹೇಳಬೇಕು, ಸ್ಪೀಡ್ ಆಗುತ್ತೆ ಅಂತ ಎಲ್ಲೋ ನೋಡಿ ಜರ್ನಲ್ ಮೋಡ್ ವಾಲ್ ಅನ್ನೋ ಒಂದು ಸಾಲು ಸೇರಿಸಿದ್ದೆ, ಅದೇನಾ ಇದು?

ನಿಧಾನಿ

ಅದೇ. ನಿಮ್ಮ 310 ಎಂಟ್ರಿ ಎಲ್ಲೂ ಹೋಗಿಲ್ಲ, ಆ 'ಕಸ'ದೊಳಗೇ ಇದೆ. ಸದ್ಯ, ಡಿಲೀಟ್ ಮಾಡಲಿಲ್ಲವಲ್ಲ.

ಸ್ವಲ್ಪ ಉದ್ದ ಬರೀತೀನಿ, ಕೂತು ಓದಿ.

ಕೈಯಲ್ಲಿ ಲೆಕ್ಕ ಬರೆಯೋರನ್ನ ನೆನಪು ಮಾಡಿಕೊಳ್ಳಿ. ದೊಡ್ಡ ಪುಸ್ತಕ ಒಂದಿರುತ್ತೆ. ದಿನದ ವ್ಯವಹಾರ ಆಗ್ತಾ ಇರುವಾಗ ಪ್ರತಿ ಸಲ ಪುಸ್ತಕ ಬಿಚ್ಚಿ, ಸರಿಯಾದ ಪುಟ ಹುಡುಕಿ ಬರೆಯೋಕೆ ಟೈಮ್ ಇರಲ್ಲ. ಚೀಟಿಯಲ್ಲಿ ಒಂದರ ಕೆಳಗೆ ಒಂದು ಗೀಚಿ ಇಡ್ತಾರೆ, ಪುರುಸೊತ್ತಾದಾಗ ಪುಸ್ತಕಕ್ಕೆ ಏರಿಸ್ತಾರೆ. ಮಧ್ಯಾಹ್ನ ಯಾರಾದ್ರೂ ಬಂದು 'ಬಾಕಿ ಎಷ್ಟು' ಅಂತ ಕೇಳಿದ್ರೆ ಪುಸ್ತಕ ನೋಡಿ, ಚೀಟೀನೂ ನೋಡಿ, ಎರಡೂ ಸೇರಿಸಿ ಉತ್ತರ ಹೇಳ್ತಾರೆ. ನೀವು ಮಾಡಿದ್ದು ಪುಸ್ತಕ ಮಾತ್ರ ಜೆರಾಕ್ಸ್ ಮಾಡಿಸಿದ್ದು.

ವಾಲ್ ಫೈಲ್ ಅಂದ್ರೆ ಆ ಚೀಟಿ. ಎಸ್‌ಕ್ಯೂಲೈಟ್‌ಗೆ ಇದು ಬಂದಿದ್ದು 2010ರಲ್ಲಿ, 3.7.0 ಆವೃತ್ತಿಯಲ್ಲಿ. ಕಮಿಟ್ ಆಯ್ತು ಅಂದ್ರೆ ಚೀಟಿಗೆ ಬಿತ್ತು ಅಂತ, ಮುಖ್ಯ ಫೈಲಿಗೆ ಬಿತ್ತು ಅಂತಲ್ಲ. ಚೀಟಿ 1000 ಪುಟ ದಾಟಿದಾಗ ತಾನಾಗೇ ಮುಖ್ಯ ಫೈಲಿಗೆ ಏರಿಸುತ್ತೆ, ಅದಕ್ಕೆ ಚೆಕ್‌ಪಾಯಿಂಟ್ ಅಂತಾರೆ. ಕೊನೇ ಕನೆಕ್ಷನ್ ಸರಿಯಾಗಿ ಮುಚ್ಚಿದಾಗಲೂ ಏರಿಸಿ, ಚೀಟಿ ಹರಿದು ಬಿಸಾಕುತ್ತೆ. ನಿಮಗೆ ರಾತ್ರಿ ಕಾಪಿ ಯಾವತ್ತೂ ಕೈ ಕೊಡಲಿಲ್ಲ ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಇನ್ನು ಲೆಕ್ಕ ಹಾಕಿ ನೋಡೋಣ. ಪುಟ ಅಂದ್ರೆ ಮಾಮೂಲಿಯಾಗಿ 4096 ಬೈಟ್ (2016ಕ್ಕೆ ಮೊದಲು 1024 ಇತ್ತು). 1000 ಪುಟ ಅಂದ್ರೆ ಹತ್ತಿರ ಹತ್ತಿರ 4 ಎಂಬಿ. ನಿಮ್ಮ ವಾಲ್ ಇನ್ನೂ 2.5 ಎಂಬಿ, ಆ ಗೆರೆ ಮುಟ್ಟಿಲ್ಲ. 310 ಎಂಟ್ರಿಗೆ 2.5 ಎಂಬಿ ಜಾಸ್ತಿ ಆಯ್ತು ಅನ್ನಿಸಬಹುದು, ಆದ್ರೆ ಒಂದೇ ಒಂದು ಅಕ್ಷರ ಬದಲಾದ್ರೂ ಅದು ಇಡೀ ಪುಟವನ್ನೇ ಚೀಟಿಗೆ ಬರೆಯುತ್ತೆ. ನಿಮ್ಮ ಟೇಬಲ್‌ಗೆ ಒಂದು ಇಂಡೆಕ್ಸ್ (ಸಾಲು ಬೇಗ ಹುಡುಕೋಕೆ ಇಡೋ ಪಟ್ಟಿ) ಇರಬೇಕು. ಟೇಬಲ್‌ದು ಒಂದು ಪುಟ, ಇಂಡೆಕ್ಸ್‌ದು ಒಂದು, ಎಂಟ್ರಿಗೆ ಎರಡು ಪುಟ. 620 ಪುಟ. 4 ಕೆಬಿ ಲೆಕ್ಕದಲ್ಲಿ ಸುಮಾರು 2.5 ಎಂಬಿ ಆಯ್ತಾ? ಫೈಲಿನ ಸೈಜ್ ನೋಡೇ ನಿಮ್ಮ ಟೇಬಲ್‌ಗೆ ಇಂಡೆಕ್ಸ್ ಇದೆ ಅಂತ ಹೇಳ್ತಿದ್ದೀನಿ, ತಪ್ಪಿದ್ರೆ ತಿದ್ದಿ.

ಮೂರನೇದು, ಎಸ್‌ಎಚ್‌ಎಂ, ಚೀಟಿಯಲ್ಲಿ ಯಾವ ಪುಟ ಎಲ್ಲಿದೆ ಅಂತ ಬೇಗ ಹುಡುಕೋಕೆ. ಅದು ಹೋದ್ರೆ ಮತ್ತೆ ಮಾಡಿಕೊಳ್ಳುತ್ತೆ. ವಾಲ್ ಹೋದ್ರೆ ಮಾತ್ರ ಡೇಟಾನೇ ಹೋಯ್ತು, ಆಟ ಆಡಬೇಡಿ.

ಲೆಕ್ಕದವ

ತಾರೀಖಿನ ಮೇಲೆ ಒಂದು ಇಂಡೆಕ್ಸ್ ಇದೆ ಸರ್! ನೀವು ಜಾತಕ ಹೇಳೋರ ಥರ ಇದ್ದೀರಿ.

ಸರಿ, ಹಾಗಾದ್ರೆ ಮೂರೂ ಫೈಲ್ ಒಟ್ಟಿಗೆ ಕಾಪಿ ಮಾಡಿದ್ರೆ ಆಯ್ತಲ್ವಾ?

ನಿಧಾನಿ

ಆ್ಯಪ್ ಮುಚ್ಚಿದ್ರೆ ಆಯ್ತು. ಓಡ್ತಿದ್ರೆ ಇಲ್ಲ. 'ಒಟ್ಟಿಗೆ' ಅಂತ ಕಾಪಿ ಆಗಲ್ಲ, ಒಂದಾದ ಮೇಲೆ ಒಂದು ಆಗುತ್ತೆ. ಮೊದಲನೇ ಫೈಲ್ ಕಾಪಿ ಆಗಿ ಎರಡನೇದು ಶುರು ಆಗೋ ಮಧ್ಯೆ ಒಂದು ಚೆಕ್‌ಪಾಯಿಂಟ್ ಆಯ್ತು ಅಂದುಕೊಳ್ಳಿ. ನಿಮ್ಮ ಕೈಯಲ್ಲಿ ಹಳೇ ಪುಸ್ತಕ, ಹೊಸ ಚೀಟಿ. ನಡುವಿನದು ಎರಡರಲ್ಲೂ ಇಲ್ಲ. ಅದೃಷ್ಟ ಇದ್ರೆ ಎರರ್ ಬರುತ್ತೆ, ಇಲ್ದಿದ್ರೆ ಎರರ್ರೂ ಬರದೆ ತಪ್ಪು ಲೆಕ್ಕ ತೋರಿಸುತ್ತೆ. ನನ್ನ ಪ್ರಕಾರ ಎರಡನೇದೇ ಜಾಸ್ತಿ ಅಪಾಯ.

ಫೈಲನ್ನ ನೀವು ಕಾಪಿ ಮಾಡಬೇಡಿ, ಡೇಟಾಬೇಸ್‌ಗೆ ಕಾಪಿ ಕೊಡು ಅಂತ ಕೇಳಿ. ಪೈಥಾನ್‌ನಲ್ಲಿ ಕನೆಕ್ಷನ್ ಮೇಲೆ ಬ್ಯಾಕಪ್ ಅಂತಲೇ ಒಂದು ಮೆಥಡ್ ಇದೆ. ಇಲ್ಲಾಂದ್ರೆ 'ವ್ಯಾಕ್ಯೂಮ್ ಇಂಟು' ಅಂತ ಬರೆದು ಹೊಸ ಫೈಲಿನ ಹೆಸರು ಕೊಡಿ. ಆ್ಯಪ್ ಓಡ್ತಿದ್ರೂ ಆ ಕ್ಷಣದ ಲೆಕ್ಕವನ್ನ ಪೂರ್ತಿ ಒಂದೇ ಫೈಲಾಗಿ ಬರೆದುಕೊಡುತ್ತೆ.

ಸರ್ವರ್ ಸಾವಿತ್ರಿ

ನಿಧಾನಿಯವರು ಸರಿಯಾಗಿ ಹೇಳಿದ್ದಾರೆ. ಎಸ್‌ಕ್ಯೂಲೈಟ್ ಬಿಟ್ಟು ಹೊರಗೆ ಬಂದ್ರೆ 'ಒಂದು ಡೇಟಾಬೇಸ್, ಒಂದು ಫೈಲ್' ಅನ್ನೋ ಭ್ರಮೆ ಐದು ನಿಮಿಷದಲ್ಲಿ ಹೋಗುತ್ತೆ. ನನಗೆ ಹೋದ ರೀತಿ ಹೇಳ್ತೀನಿ.

ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ಸಾಫ್ಟ್‌ವೇರಿನ ಸರ್ವರ್ ಒಂದನ್ನ ಬೇರೆ ಮಷೀನಿಗೆ ಸಾಗಿಸಬೇಕಿತ್ತು. ಡೇಟಾ ಫೋಲ್ಡರ್ ತೆರೆದೆ. ಟೇಬಲ್‌ಗಳ ಹೆಸರಲ್ಲಿ ಫೈಲ್ ಇರುತ್ತೆ ಅಂದುಕೊಂಡಿದ್ದೆ, ನೋಡಿದ್ರೆ ಬೇಸ್ ಅನ್ನೋ ಫೋಲ್ಡರ್ ಒಳಗೆ ಬರೀ ನಂಬರ್‌ಗಳು. 16384 ಅಂತ ಒಂದು ಫೋಲ್ಡರ್, ಅದರೊಳಗೆ 16391, 16391 ಚುಕ್ಕಿ 1, 16391 ಚುಕ್ಕಿ 2. ಯಾವುದು ಯಾವ ಟೇಬಲ್? ಫೈಲ್ ನೋಡಿ ಹೇಳೋಕೇ ಆಗಲ್ಲ, ಅದನ್ನೂ ಡೇಟಾಬೇಸನ್ನೇ ಕೇಳಬೇಕು. ಒಂದು ಟೇಬಲ್ 1 ಜಿಬಿ ದಾಟಿದ್ರೆ ಅದು ಇನ್ನೊಂದು ಫೈಲ್ ಶುರು ಮಾಡುತ್ತೆ, ಆ ಚುಕ್ಕಿ 1, ಚುಕ್ಕಿ 2 ಅದೇ. ಹಾಗಾಗಿ ಒಂದು ಟೇಬಲ್‌ಗೆ ಹತ್ತು ಫೈಲ್ ಇರಬಹುದು, ಇಂಡೆಕ್ಸ್‌ಗೆ ಬೇರೆ ಫೈಲ್, ಖಾಲಿ ಜಾಗ ಎಲ್ಲಿದೆ ಅಂತ ಗುರುತಿಡೋಕೆ ಇನ್ನೊಂದು.

ಸರ್ವರ್ ನಿಲ್ಲಿಸೋಕೆ ಪರ್ಮಿಷನ್ ಸಿಗಲಿಲ್ಲ. ನಾನು ಜಾಣೆ, ಓಡ್ತಿರುವಾಗಲೇ ಫೋಲ್ಡರ್ ಕಾಪಿ ಮಾಡಿದೆ. ಅದೂ ಒಂದು ಫೋಲ್ಡರ್ ಬಿಟ್ಟು. ಆಗ ಹಳೇ ಆವೃತ್ತಿ, ಅದರ ಹೆಸರು ಪಿಜಿ-ಎಕ್ಸ್‌ಲಾಗ್ ಅಂತ ಇತ್ತು, ಲಾಗ್ ಅಂದ್ರೆ ಹಳೇ ದಾಖಲೆ ತಾನೇ, ಯಾಕೆ ಸುಮ್ನೆ ಹೊತ್ತುಕೊಂಡು ಹೋಗೋದು ಅಂತ! ಅದೇ ನಿಮ್ಮ ವಾಲ್. ಹೊಸ ಮಷೀನಲ್ಲಿ ಸರ್ವರ್ ಏಳಲೇ ಇಲ್ಲ. ಪುಣ್ಯಕ್ಕೆ ಮೂಲ ಹಾಗೇ ಇತ್ತು, ಪಿಜಿ-ಡಂಪ್ ಅನ್ನೋ ಅದರದೇ ಬ್ಯಾಕಪ್ ಟೂಲ್‌ನಿಂದ ಕಾಪಿ ತೆಗೆದು ಮತ್ತೆ ಮಾಡಿದೆ. ಲಾಗ್ ಅನ್ನೋ ಹೆಸರು ನೋಡಿ ಆ ಫೋಲ್ಡರ್ ಅಳಿಸಿ ಹಾಕಿದವರು ನನ್ನ ಥರ ಬೇಕಾದಷ್ಟು ಜನ ಇದ್ರು, ಅದಕ್ಕೇ 2017ರಲ್ಲಿ ಬಂದ 10ನೇ ಆವೃತ್ತಿಯಲ್ಲಿ ಅದರ ಹೆಸರನ್ನೇ ಪಿಜಿ-ವಾಲ್ ಅಂತ ಬದಲಾಯಿಸಿದ್ರು.

ಮೈಎಸ್‌ಕ್ಯುಎಲ್ ಅನ್ನೋ ಇನ್ನೊಂದು ಡೇಟಾಬೇಸ್ ಸಾಫ್ಟ್‌ವೇರಲ್ಲಿ ಬೇರೆ ಕಥೆ. ಅದರಲ್ಲಿ ಹಳೇ ಮೈಐಸ್ಯಾಮ್ ರೀತಿಯ ಟೇಬಲ್ ಆಗಿದ್ರೆ ಸರ್ವರ್ ನಿಲ್ಲಿಸಿ ಮೂರು ಫೈಲ್ ಎತ್ತಿಕೊಂಡು ಹೋಗಿ ಬೇರೆ ಕಡೆ ಇಟ್ರೆ ಕೆಲಸ ಮಾಡ್ತಿತ್ತು. ಆ ಅಭ್ಯಾಸದಲ್ಲೇ ಆಮೇಲೆ ಬಂದ ಇನ್ನೋಡಿಬಿ ರೀತಿಯ ಟೇಬಲ್‌ನ ಐಬಿಡಿ ಅನ್ನೋ ಡೇಟಾ ಫೈಲ್ ಎತ್ತಿಕೊಂಡು ಬಂದು 'ಟೇಬಲ್ ಕಾಣ್ತಿಲ್ಲ' ಅಂತ ಕೇಳೋರು ಇವತ್ತಿಗೂ ಬರ್ತಾರೆ. ಡೇಟಾ ಆ ಫೈಲಲ್ಲೇ ಇದೆ, ನಿಜ. ಆದ್ರೆ ಅಂಥ ಟೇಬಲ್ ಒಂದಿದೆ ಅನ್ನೋ ಮಾಹಿತಿ ಬೇರೆ ಕಡೆ ಇದೆ.

ಚುರುಕು

ಸರಿ, ವಾಲ್ ವಿಷಯದಲ್ಲಿ ನನ್ನದು ತಪ್ಪು, ಒಪ್ಪಿಕೊಂಡೆ. ಆದ್ರೂ ನನ್ನ ಮಾತು ಪೂರ್ತಿ ಬಿಡಲ್ಲ. ಒಂದು ಫೈಲೋ ಹತ್ತು ಫೈಲೋ, ಎಲ್ಲಾ ಫೈಲ್ ಸೇರಿದ್ರೆ ಡೇಟಾಬೇಸ್ ತಾನೇ? ಡಿಸ್ಕ್ ಬಿಟ್ಟು ಗಾಳಿಯಲ್ಲಿ ಇರುತ್ತಾ?

ಮೇಷ್ಟ್ರು

ಗಾಳಿಯಲ್ಲೂ ಇರುತ್ತೆ. ಎಸ್‌ಕ್ಯೂಲೈಟ್‌ಗೆ ಫೈಲಿನ ಹೆಸರಿನ ಬದಲು 'ಮೆಮೊರಿ' ಅಂತ ಕೊಡಿ, ಹಿಂದೆ ಮುಂದೆ ಕೋಲನ್ ಹಾಕಿ. ಟೇಬಲ್ ಮಾಡಬಹುದು, ಕಮಿಟ್ ಮಾಡಬಹುದು, ರೋಲ್‌ಬ್ಯಾಕ್ ಮಾಡಿ ಬದಲಾವಣೆ ವಾಪಸ್ ತಗೋಬಹುದು. ಡಿಸ್ಕಲ್ಲಿ ಹುಡುಕಿದ್ರೆ ಅದರ ಹೆಸರಲ್ಲಿ ಒಂದು ಫೈಲೂ ಸಿಗಲ್ಲ. ಕನೆಕ್ಷನ್ ಮುಚ್ಚಿದ್ರೆ ಡೇಟಾಬೇಸೂ ಮುಗೀತು. ಅದನ್ನ ಡೇಟಾಬೇಸ್ ಅಲ್ಲ ಅಂತೀರಾ?

ಪಾಠ ಮಾಡೋನು ನಾನು, ಈ ಗೊಂದಲ ಪ್ರತಿ ವರ್ಷ ನೋಡ್ತೀನಿ. ಮಕ್ಕಳು ಮೂರನ್ನ ಕಲಸಿಬಿಡ್ತಾರೆ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್ ಇವು ಡೇಟಾಬೇಸ್ ಅಲ್ಲ, ಡೇಟಾಬೇಸನ್ನ ನಡೆಸೋ ಸಾಫ್ಟ್‌ವೇರ್. ಡಿಸ್ಕಲ್ಲಿ ಇರೋದು ಬೈಟ್‌ಗಳು. ಡೇಟಾಬೇಸ್ ಅಂದ್ರೆ ನೀವು ಕೇಳಿದಾಗ ಆ ಸಾಫ್ಟ್‌ವೇರ್ 'ಇದು ಇದೆ, ಇದು ಇಲ್ಲ' ಅಂತ ಜವಾಬ್ದಾರಿಯಿಂದ ಹೇಳೋ ಉತ್ತರಗಳ ಹಿಂದಿರೋ ವಸ್ತು: ಟೇಬಲ್, ಸಾಲು, ನಿಯಮ, ಕಮಿಟ್ ಆಗಿದ್ದು. ಬೈಟ್ ಹೇಗೆ ಜೋಡಿಸಿದೆ ಅನ್ನೋದು ಬದಲಾಗಬಹುದು, ಉತ್ತರ ಬದಲಾಗಬಾರದು.

ಇದು ಹೊಸ ಮಾತಲ್ಲ. 1970ರಲ್ಲಿ ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ಡೇಟಾವನ್ನೆಲ್ಲ ಟೇಬಲ್‌ಗಳಾಗಿ ನೋಡೋ ರಿಲೇಷನಲ್ ಮಾದರಿ ಮುಂದಿಟ್ಟಾಗ ಅವರ ದೊಡ್ಡ ತಕರಾರು ಇದೇ. ಆಗಿನ ಪ್ರೋಗ್ರಾಂಗಳು ಡೇಟಾ ಯಾವ ಕ್ರಮದಲ್ಲಿದೆ, ಯಾವ ಇಂಡೆಕ್ಸ್ ಇದೆ, ಯಾವ ದಾರಿ ಹಿಡಿದು ಹೋಗಬೇಕು ಅನ್ನೋದನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡೇ ಬರೆದವು. ಒಳಗಿನ ಜೋಡಣೆ ಬದಲಾದ್ರೆ ಪ್ರೋಗ್ರಾಂ ಕೆಡ್ತಿತ್ತು. ಬಳಸುವವನಿಗೆ ಒಳಗಿನ ಜೋಡಣೆ ಗೊತ್ತಿರಬೇಕಾದ ಪ್ರಮೇಯವೇ ಬರಬಾರದು ಅಂದ್ರು ಕಾಡ್.

ಲೆಕ್ಕದವರೇ, ನಿಮ್ಮ ಕೋಡಲ್ಲಿ ಆರ್ಡರ್ ಬೈ (ಯಾವ ಕ್ರಮದಲ್ಲಿ ಸಾಲು ಬೇಕು ಅಂತ ಹೇಳೋದು) ಹಾಕದೆ 'ಕೊನೇ ಸಾಲು ಕೊನೇ ಎಂಟ್ರಿ' ಅಂತ ನಂಬಿಕೊಂಡಿರೋ ಜಾಗ ಇದೆಯಾ, ಒಮ್ಮೆ ನೋಡಿ. ಟೇಬಲ್‌ಗೆ ಕ್ರಮ ಇಲ್ಲ, ಫೈಲಿಗೆ ಮಾತ್ರ ಇದೆ. ಇಂಡೆಕ್ಸ್ ಒಂದು ಸೇರಿಸಿದ ದಿನ ಆ ಕ್ರಮ ತಲೆಕೆಳಗಾಗಬಹುದು.

ಚುರುಕು

ಮೇಷ್ಟ್ರೇ, ಮೆಮೊರಿ ಡೇಟಾಬೇಸ್ ವಿಷಯಕ್ಕೆ ಸೋತೆ.

ಅವರ ಮೊದಲನೇ ಪ್ರಶ್ನೆ ಯಾರೂ ಮುಟ್ಟಲೇ ಇಲ್ಲ, ನಾನೇ ಹೇಳ್ತೀನಿ, ಇದು ನನಗೆ ಸರಿಯಾಗಿ ಗೊತ್ತು. ಡಿಲೀಟ್ ಅಂದ್ರೆ ಸಾಲು ಹೋಯ್ತು, ಜಾಗ ಹೋಗಲಿಲ್ಲ. ಖಾಲಿಯಾದ ಪುಟಗಳನ್ನ ಎಸ್‌ಕ್ಯೂಲೈಟ್ ಒಂದು ಫ್ರೀಲಿಸ್ಟ್‌ಗೆ ಹಾಕಿ ಇಟ್ಟುಕೊಳ್ಳುತ್ತೆ, ಮುಂದೆ ಎಂಟ್ರಿ ಬಂದಾಗ ಅಲ್ಲೇ ಬರೆಯುತ್ತೆ. ಫೈಲ್ ಕುಗ್ಗಿಸಿ ಮತ್ತೆ ಹಿಗ್ಗಿಸೋ ಕೆಲಸ ದಂಡ ಅಂತ. ಕುಗ್ಗಲೇಬೇಕು ಅಂದ್ರೆ ವ್ಯಾಕ್ಯೂಮ್ ಓಡಿಸಿ, ಅದು ಇಡೀ ಡೇಟಾಬೇಸನ್ನ ಹೊಸದಾಗಿ ಬರೆಯುತ್ತೆ. ಡಿಸ್ಕಲ್ಲಿ ಫೈಲಿನ ಎರಡರಷ್ಟು ಜಾಗ ಬೇಕಾಗಬಹುದು, ನೋಡಿಕೊಳ್ಳಿ.

ತಮಾಷೆ ನೋಡಬೇಕಾ? ವ್ಯಾಕ್ಯೂಮ್‌ಗೆ ಮುಂಚೆ ಲೆಕ್ಕ.ಡಿಬಿಯ ಒಂದು ಕಾಪಿಯನ್ನ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ (ಕಾಪಿಯನ್ನ! ಮೂಲವನ್ನ ಅಲ್ಲ, ಅಪ್ಪಿತಪ್ಪಿ ಸೇವ್ ಒತ್ತಿದ್ರೆ ಕಥೆ ಮುಗೀತು). ಮೊದಲ 16 ಬೈಟ್‌ನಲ್ಲಿ 'ಎಸ್‌ಕ್ಯೂಲೈಟ್ ಫಾರ್ಮ್ಯಾಟ್ 3' ಅಂತ ಇಂಗ್ಲಿಷಲ್ಲಿ ಇರುತ್ತೆ. ಆಮೇಲೆ ಕಸಬರಿಗೆಯ ಕಡ್ಡಿ ಥರ ಏನೇನೋ ಚಿಹ್ನೆ. ಕೆಳಗೆ ಹೋಗ್ತಾ ಹೋಗ್ತಾ ನೀವು ಹೋದ ವಾರ ಡಿಲೀಟ್ ಮಾಡಿದ ಎಂಟ್ರಿಗಳ ಹೆಸರು ಸಿಕ್ಕಬಹುದು.

ಲೆಕ್ಕದವ

ಸಿಕ್ತು. ಮೈ ಜುಂ ಅಂತು. ಡೇಟಾಬೇಸ್ 'ಇಲ್ಲ' ಅಂತಿದೆ, ಫೈಲಲ್ಲಿ ಇದೆ. 310 ಎಂಟ್ರಿಯ ವಿಷಯದಲ್ಲಿ ಉಲ್ಟಾ, ಡೇಟಾಬೇಸ್ 'ಇದೆ' ಅಂತಿತ್ತು, ಫೈಲಲ್ಲಿ ಇರಲಿಲ್ಲ.

ನಿಧಾನಿ

ಎರಡು ಸಲವೂ ಡೇಟಾಬೇಸ್ ಹೇಳಿದ್ದೇ ಸರಿ ಅಲ್ವಾ?

ಒಂದು ಎಚ್ಚರಿಕೆ. ಆ ಫೈಲನ್ನ ಬೇರೆಯವರಿಗೆ ಕಳಿಸೋ ಮುಂಚೆ ವ್ಯಾಕ್ಯೂಮ್ ಮಾಡಿ. ಡಿಲೀಟ್ ಮಾಡಿದ್ದೀನಿ ಅಂತ ನಂಬಿ ಕಳಿಸಿ, ಅವರು ನೋಟ್‌ಪ್ಯಾಡ್‌ನಲ್ಲಿ ಓದಿಕೊಂಡ್ರೆ ಕಷ್ಟ. ಸೆಕ್ಯೂರ್ ಡಿಲೀಟ್ ಅಂತ ಒಂದು ಸೆಟ್ಟಿಂಗ್ ಇದೆ, ಆನ್ ಮಾಡಿದ್ರೆ ಅಳಿಸಿದ ಜಾಗದ ಮೇಲೆ ಸೊನ್ನೆ ಬರೆದುಬಿಡುತ್ತೆ.

ಲೆಕ್ಕದವ

ವರದಿ ಒಪ್ಪಿಸ್ತಿದ್ದೀನಿ. ಬ್ಯಾಕಪ್ ಮೆಥಡ್‌ನಿಂದ ಕಾಪಿ ತೆಗೆದೆ, ಆ್ಯಪ್ ಓಡ್ತಿರುವಾಗಲೇ. ಬೇರೆ ಕಂಪ್ಯೂಟರಲ್ಲಿ ತೆರೆದೆ, 310 ಎಂಟ್ರಿಯೂ ಬಂತು.

ಆಮೇಲೆ ಇನ್ನೊಂದು ವಿಂಡೋದಿಂದ ವ್ಯಾಕ್ಯೂಮ್ ಓಡಿಸಿದೆ. ಮುಗೀತು ಅಂತು. ಫೋಲ್ಡರ್ ನೋಡ್ತೀನಿ, ಲೆಕ್ಕ.ಡಿಬಿ ಇನ್ನೂ 38 ಎಂಬಿ! ಮತ್ತೆ ಇಲ್ಲಿ ಬಂದು ಗೋಳಾಡೋಣ ಅಂತ ಟೈಪ್ ಮಾಡೋಕೆ ಶುರು ಮಾಡಿದ್ದೆ, ಆಗ ವಾಲ್ ಫೈಲ್ ಕಣ್ಣಿಗೆ ಬಿತ್ತು. 2.5 ಇದ್ದದ್ದು 11 ದಾಟಿ ಊದಿಕೊಂಡಿತ್ತು. ಹೊಸದಾಗಿ ಬರೆದ ಪುಸ್ತಕವೂ ಚೀಟಿಯಲ್ಲೇ ಕೂತಿದೆ ಅಂತ ಹೊಳೀತು. ಆ್ಯಪ್‌ನ ಪಟ್ಟಿ ಪರದೆ ತೆರೆದೇ ಇತ್ತು, ಅದು ಅರ್ಧ ಓದಿ ನಿಂತಿದ್ರೆ ಏರಿಸೋಕೆ ಬಿಡ್ತಿರಲಿಲ್ಲವೇನೋ. ಎಲ್ಲಾ ಮುಚ್ಚಿದೆ. ಲೆಕ್ಕ.ಡಿಬಿ ಒಂದೇ ಉಳೀತು, 9 ಎಂಬಿ.

ನಿಧಾನಿ

ಅದೇ ಕಾರಣ. ಓದೋರು ಹಳೇ ಪುಟದ ಮೇಲೆ ಬೆರಳಿಟ್ಟುಕೊಂಡು ಕೂತಿದ್ರೆ ಚೆಕ್‌ಪಾಯಿಂಟ್ ಮುಂದೆ ಹೋಗಲ್ಲ. ಆ ಪಟ್ಟಿ ಪರದೆಯ ಕೋಡಲ್ಲಿ ಫೆಚ್ ಆಲ್ ಮಾಡಿ, ಅಂದ್ರೆ ಸಾಲುಗಳನ್ನೆಲ್ಲ ಒಂದೇ ಸಲ ಓದಿಕೊಂಡು, ಕರ್ಸರ್ (ಓದ್ತಿರೋ ಆ ಬೆರಳು) ಮುಚ್ಚಿಬಿಡಿ.

ಲೆಕ್ಕದವ

ಮಾಡ್ತೀನಿ. ಅಂದ ಹಾಗೆ ಮೇಷ್ಟ್ರೇ, ಆರ್ಡರ್ ಬೈ ಇಲ್ಲದ ಜಾಗ ಹುಡುಕಿದೆ. ಏಳು ಸಿಕ್ತು.